ಗೋವಾದ ಸಂಸ್ಕೃತಿ ಸಚಿವರಿಗೆ, ಮಾಪ್ಸಾದ ಗುಜರಿ ಅಂಗಡಿಯಿಂದ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ವಿಜಯಪುರದ ಕಡೆಯವನು. ಮಾಪ್ಸಾದಲ್ಲಿ ಗುಜರಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಕೊಂಕಣಿ ಬಾಯಿಗೆ ಬರುತ್ತದೆ, ಬರೆಯಲು ಕೂತರೆ ಕನ್ನಡವೇ. ಯಾರಾದರೂ ನಿಮಗೆ ಓದಿ ಹೇಳಿಯಾರು.

ಹೋದ ಮಳೆಗಾಲದಲ್ಲಿ ಹಳೆ ಮನೆ ಖಾಲಿ ಮಾಡುತ್ತಿದ್ದವರು ಒಂದು ಟ್ರಂಕು ತಂದು ತಕ್ಕಡಿಗಿಟ್ಟರು. ಒಳಗೆಲ್ಲ ಐದೈದು ಗೆರೆಯ ಹಾಳೆಗಳು, ಕೈಯಲ್ಲಿ ಬರೆದ ಸ್ವರಗಳು. ಮಸಿ ಕಂದಿತ್ತು, ಅಂಚನ್ನು ಗೆದ್ದಲು ತಿಂದಿತ್ತು. ಒಂದು ಕಡೆ ಯಾರೋ ಕೆಂಪು ಪೆನ್ಸಿಲಿನಲ್ಲಿ ಸಿಟ್ಟಿನಿಂದ ಎರಡು ಸಾಲು ಹೊಡೆದುಹಾಕಿದ್ದರು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಿಟೀಲು ನುಡಿಸುವ ಹಿರಿಯರಿಗೆ ತೋರಿಸಿದೆ. ಸಿಳ್ಳೆಯಲ್ಲಿ ಸ್ವಲ್ಪ ನುಡಿಸಿ ನಿಲ್ಲಿಸಿದರು. ‘ಇದು ಎರಡನೇ ಟ್ರಂಪೆಟ್ಟಿನ ಪಾಲು ಮಾತ್ರ. ಮೊದಲನೆಯದು ಎಲ್ಲಿ?’

ಬಿಗ್ ಬ್ಯಾಂಡ್ ಅಂದರೆ ಹತ್ತಾರು ವಾದ್ಯಗಳ ಜಾಜ್ ತಂಡ. ಅದರಲ್ಲಿ ಒಬ್ಬೊಬ್ಬ ವಾದ್ಯಗಾರನಿಗೂ ಒಂದೊಂದು ಹಾಳೆಯಂತೆ. ಒಂದು ರದ್ದಿಗೆ ಹೋದರೆ ಉಳಿದವು ಕುಂಟುತ್ತವೆ.

ನಮ್ಮ ಪಕ್ಕದ ಅಲ್ದೋನಾದಲ್ಲೇ 1916ರಲ್ಲಿ ಹುಟ್ಟಿದವರು ಟ್ರಂಪೆಟ್ ವಾದಕ ಆಂಟೊನಿಯೊ ಷಾವಿಯೆರ್ ವಾಜ್. ಮುಂಬಯಿಯ ತಾಜ್ ಹೋಟೆಲಿನಲ್ಲಿ ಬ್ಯಾಂಡ್ ನಡೆಸಿ ‘ಚಿಕ್ ಚಾಕೊಲೇಟ್’ ಎಂದು ಹೆಸರಾದರು, ಅಮೆರಿಕದ ಜಾಜ್ ಟ್ರಂಪೆಟ್ ವಾದಕನ ಹೆಸರಲ್ಲಿ ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಅನ್ನಿಸಿಕೊಂಡರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆ ಹಿಂದಿ ಸಿನಿಮಾಕ್ಕೂ ದುಡಿದರು. 1951ರ ‘ಅಲಬೇಲಾ’ದಲ್ಲಿ ಅವರ ಟ್ರಂಪೆಟ್ ಇಂದಿಗೂ ಕುಣಿಸುತ್ತದೆ. 1967ರಲ್ಲಿ ತೀರಿಕೊಂಡಾಗ ವಯಸ್ಸು ಐವತ್ತರ ಆಸುಪಾಸು.

ಆ ಕಾಲದಲ್ಲಿ ಸಂಗೀತ ನಿರ್ದೇಶಕರು ಧಾಟಿ ಗುನುಗಿದರೆ, ಹತ್ತಾರು ವಾದ್ಯಗಳಿಗೆ ಅದನ್ನು ಹಂಚಿ ಬರೆಯುತ್ತಿದ್ದವರು ಹೆಚ್ಚಾಗಿ ಗೋವಾದವರು. ಇಗರ್ಜಿ ಶಾಲೆಯಲ್ಲಿ ಅಕ್ಷರದ ಜೊತೆಗೇ ಸ್ವರ ಬರೆಯಲು ಕಲಿತ ಕೈಗಳು ಅವು. ಪರದೆಯ ಮೇಲೆ ಅವರ ಹೆಸರು ಬಂದರೆ ‘ಸಹಾಯಕ’ ಎಂದು ಬಂತು, ಎಷ್ಟೋ ಸಲ ಅದೂ ಇಲ್ಲ. ಅವರು ಬರೆದದ್ದಕ್ಕೆ ಸಾಕ್ಷಿ ಈ ಕಾಗದಗಳೇ. ನನ್ನ ಟ್ರಂಕಿನವು ಚಿಕ್ ಅವರದೆಂದು ನಾನು ಹೇಳುತ್ತಿಲ್ಲ. ಯಾರದೆಂದು ಹೇಳಬಲ್ಲವರನ್ನು ಕಳಿಸಿ ಅಂತಲೇ ಈ ಪತ್ರ.

ಪುತ್ಥಳಿ ನಿಲ್ಲಿಸುವ ಮಾತು ಆಮೇಲಿರಲಿ. ಮುಂದಿನ ಮಳೆಗೆ ಮುಂಚೆ ಹಳ್ಳಿಹಳ್ಳಿಗೆ ಒಂದು ಗಾಡಿ ಕಳಿಸಿ, ಅಟ್ಟದ ಮೇಲಿರುವುದನ್ನು ಇಳಿಸಿ, ಸ್ಕ್ಯಾನ್ ಮಾಡಿಸಿ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳಿದ್ದಾರೆ. ಚದುರಿದ ಪಾಲುಗಳನ್ನು ಅವರು ಜೋಡಿಸಲಿ. ಗುಜರಿಯವರಿಗೂ ಒಂದು ಮಾತು ಹೇಳಿ, ರದ್ದಿ ದರದ ಮೇಲೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ತೆಗೆದಿಡುತ್ತೇವೆ.

ಟ್ರಂಕು ನನ್ನಲ್ಲೇ ಇದೆ, ತಾಡಪಾಲು ಸುತ್ತಿ ಬೇವಿನ ಸೊಪ್ಪು ಹಾಕಿಟ್ಟಿದ್ದೇನೆ. ಕಾಗದದ ತೂಕ ಹನ್ನೊಂದು ಕಿಲೋ. ದುಡ್ಡು ಬೇಡ. ಶುಕ್ರವಾರ ಮಾತ್ರ ಬರಬೇಡಿ, ಸಂತೆ ಇರುತ್ತೆ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ.

ಇಂತಿ,
ಒಬ್ಬ ಗುಜರಿ ವ್ಯಾಪಾರಿ