ಒಳಗೆ ಹೋದ ಯಂತ್ರ ಹೊರಗೂ ಬರಬೇಕು

ಸಂಪಾದಕರಿಗೆ ನಮಸ್ಕಾರ,

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ಕೊನೇ ವರ್ಷದ ಹುಡುಗ ಹುಡುಗಿಯರು ಪ್ರಾಜೆಕ್ಟಿನ ಬಿಡಿಭಾಗ ಮಾಡಿಸಲು ಗೋಕುಲ ರಸ್ತೆಯ ನಮ್ಮಂಥ ಲೇತ್ ವರ್ಕ್‌ಶಾಪ್‌ಗಳಿಗೆ ಬರುತ್ತಾರೆ. ಜಾಸ್ತಿ ರೋಬೋಟ್‌ಗಳೇ. ಗೆರೆ ಹಿಡಿದು ಓಡುವ ಗಾಡಿ, ಡಬ್ಬಿ ಎತ್ತಿಡುವ ಕೈ. ಚೆನ್ನಾಗಿಯೇ ಮಾಡುತ್ತಾರೆ. ಆದರೆ ಇವರ ಕೈಗೆ ಕೊಡಬಹುದಾದ, ಇದಕ್ಕಿಂತ ಭಾಳ ಗಟ್ಟಿ ಕೆಲಸವೊಂದಿದೆ: ಅಣುಸ್ಥಾವರದ ಪೈಪುಗಳೊಳಗೆ ಕಟ್ಟುವ ವಿಕಿರಣಶೀಲ ಪದರವನ್ನು ಕೆರೆದು ತೆಗೆಯುವ ಯಂತ್ರ.

ಯಲ್ಲಾಪುರ ದಾಟಿ ಘಟ್ಟ ಇಳಿದರೆ ಕೈಗಾ ಅಣುಸ್ಥಾವರ. ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, ಮೊದಲ ಎರಡು 2000ದಲ್ಲೇ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಒಂದನೇ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಓದಿದೆವು. ಹೀಗೆ ವರ್ಷಗಟ್ಟಲೆ ಓಡುವ ಯಾವುದೇ ಸ್ಥಾವರದ ಪೈಪುಗಳ ಒಳಗೆ ಏನಾಗುತ್ತದೆ ಅನ್ನೋದು ಮಾತ್ರ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಪೈಪು, ವಾಲ್ವುಗಳ ಲೋಹ ಚೂರುಚೂರೇ ಸವೆದು ನೀರಿಗೆ ಸೇರುತ್ತದೆ. ಆ ಕಣಗಳು ರಿಯಾಕ್ಟರ್ ಒಳಗೆ ಹೋಗಿ ವಿಕಿರಣಶೀಲವಾಗಿ, ಮತ್ತೆ ಹೊರಗೆ ಬಂದು ಪೈಪಿನ ತಿರುವುಗಳಲ್ಲಿ, ವಾಲ್ವಿನ ಸಂದಿಗಳಲ್ಲಿ, ಸ್ಟೀಮ್ ಜನರೇಟರ್ ಕೊಳವೆಗಳಲ್ಲಿ ಪದರ ಕಟ್ಟುತ್ತವೆ, ನಮ್ಮ ಬೋರ್‌ವೆಲ್ ನೀರಿಗೆ ಗೀಜರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತಲ್ಲ, ಹಾಗೆ. ಅದರಲ್ಲಿರುವ ಕೋಬಾಲ್ಟ್-60ರ ವಿಕಿರಣ ಅರ್ಧಕ್ಕೆ ಇಳಿಯಲು ಐದು ವರ್ಷಕ್ಕಿಂತ ಜಾಸ್ತಿ ಬೇಕು. ರಾಸಾಯನಿಕ ಹರಿಸಿ ಸಾಕಷ್ಟು ಕರಗಿಸುತ್ತಾರೆ. ಕರಗದೆ ಉಳಿದದ್ದನ್ನು ಕೆರೆಯಬೇಕು, ಇಲ್ಲವೇ ನೀರಿನ ಜೆಟ್ ಹೊಡೆದು ಎಬ್ಬಿಸಬೇಕು. ನಮ್ಮ ದೇಶದ ನಿಯಮದಲ್ಲಿ ಒಬ್ಬ ಕೆಲಸಗಾರನ ಮೈಗೆ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ದಾಟಿ ವಿಕಿರಣ ತಗಲಬಾರದು. ಅದಕ್ಕೇ ಇಂಥ ಕಡೆ ಮನುಷ್ಯ ಗೋಡೆಯಾಚೆ ನಿಲ್ಲಬೇಕು, ಒಳಗೆ ಯಂತ್ರ ಹೋಗಬೇಕು.

ಆ ಯಂತ್ರದ ಡಿಸೈನ್ ನೋಡಿದರೆ ನಮ್ಮಂಥವರಿಗೆ ನಿದ್ದೆ ಬರಲ್ಲ, ಅಷ್ಟು ಕುತೂಹಲದ ಕೆಲಸ. ವಿಕಿರಣ ತಗಲಿ ಕ್ಯಾಮೆರಾದಲ್ಲಿ ಮೊದಲು ಬಿಳಿ ಚುಕ್ಕೆಗಳು ಕುಣಿಯುತ್ತವೆ, ಆಮೇಲೆ ಅದು ಸತ್ತೇಹೋಗುತ್ತದೆ. ನಾವು ಕಣ್ಣು ಮುಚ್ಚಿ ಹಾಕುವ ಟೆಫ್ಲಾನ್ ವಾಷರ್ ವಿಕಿರಣಕ್ಕೆ ಪುಡಿಯಾಗುತ್ತದೆ. ಗ್ರೀಸ್ ಗಟ್ಟಿಯಾಗುತ್ತದೆ. ಹಾಗಾಗಿ ಮೋಟರು, ಸರ್ಕ್ಯೂಟು ಎಲ್ಲ ಆದಷ್ಟು ಗೋಡೆಯ ಹೊರಗಿಟ್ಟು, ಉದ್ದ ಶಾಫ್ಟ್‌ನಿಂದ ಒಳಗಿನ ಬ್ರಷ್ ತಿರುಗಿಸುವುದು ಒಂದು ದಾರಿ. ಬ್ರಷ್ ಪದರವನ್ನಷ್ಟೇ ಕೆರೆಯಬೇಕು, ಕೊಳವೆಯ ಲೋಹ ಕೆರೆದರೆ ಅಲ್ಲೇ ಸೋರಿಕೆ ಶುರು. ಕೆರೆದ ಪುಡಿ ಹಾರದಂತೆ ಬ್ರಷ್ ಪಕ್ಕದಲ್ಲೇ ಹೀರುವ ಬಾಯಿ ಇರಬೇಕು. ಬಳಸಿದ ನೀರೂ ವಿಕಿರಣದ ಕಸವೇ, ಅದನ್ನೂ ಹಿಡಿದಿಡಬೇಕು. ಒಂದು ಬೋಲ್ಟ್ ಕೂಡ ಕಳಚಿ ಒಳಗೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯ, ಯಂತ್ರ ಸಿಕ್ಕಿಹಾಕಿಕೊಂಡರೆ ಅದನ್ನು ಹೊರಗೆಳೆಯಲು ಹಗ್ಗವೋ ಸರಳೋ ಇರಲೇಬೇಕು. ಕಾಲೇಜಿನ ಪ್ರದರ್ಶನದಲ್ಲಿ ನಿಂತುಹೋದ ರೋಬೋಟನ್ನು ಕೈಯಿಂದ ಎತ್ತಿಕೊಂಡರಾಯಿತು, ಅಲ್ವಾ? ಅಲ್ಲಿ ಎತ್ತಿಕೊಳ್ಳಲು ಯಾರೂ ಒಳಗೆ ಹೋಗುವಂತಿಲ್ಲ.

ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಅಪಘಾತವಾದಾಗ ಕರಗಿ ಗಟ್ಟಿಯಾದ ಇಂಧನ, ಲೋಹದ ರಾಶಿ ಅಂದಾಜು 880 ಟನ್ ಇದೆ. ಅದರಲ್ಲೊಂದು ಚೂರು ತೆಗೆಯಲು 2024ರ ಆಗಸ್ಟಿನಲ್ಲಿ ಹೊರಟರು. ಉದ್ದ ಕೋಲಿನಂಥ ಸಾಧನವನ್ನು ಹಿಂದಿನಿಂದ ತಳ್ಳುವ ಪೈಪುಗಳ ಜೋಡಣೆಯ ಕ್ರಮವೇ ತಪ್ಪಿತ್ತು, ಬಾಗಿಲಲ್ಲೇ ಕೆಲಸ ನಿಂತಿತು. ಮುಂದೆ ಕ್ಯಾಮೆರಾ ಕೈಕೊಟ್ಟಿತು. ಕೊನೆಗೆ ನವೆಂಬರಿನಲ್ಲಿ ಸಿಕ್ಕಿದ್ದು ಒಂದು ಗ್ರಾಂಗೂ ಕಡಿಮೆ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಪ್ರತಿ ಪೈಪಿನ ತುದಿಗೂ ಬೇರೆ ಬೇರೆ ಅಳತೆಯ ತೋಡು ಕೊರೆದಿದ್ದರೆ ತಪ್ಪಾಗಿ ಜೋಡಿಸಲು ಆಗುತ್ತಲೇ ಇರಲಿಲ್ಲ. ನಮ್ಮ ಯಾವ ಟರ್ನರ್ ಆದರೂ ಇದನ್ನು ಹೇಳುತ್ತಿದ್ದ. ಡಿಸೈನ್ ಮಾಡುವವರ ಪಕ್ಕದಲ್ಲಿ ಮಿಷನ್ ಮೇಲೆ ನಿಂತು ಕೆಲಸ ಮಾಡುವವನೂ ಕೂರಬೇಕು ಅಂತ ನಾನು ಹೇಳುವುದು ಇದಕ್ಕೇ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ಮೇಲೆ ವಿಕಿರಣದ ಕಸ ತೆಗೆಯಲು ಛಾವಣಿಗೆ ಇಳಿಸಿದ ಯಂತ್ರಗಳು ಕೆಟ್ಟು ನಿಂತಾಗ ಸೈನಿಕರನ್ನು ಸಲಿಕೆ ಕೊಟ್ಟು ಹತ್ತಿಸಿದರು. ಯಂತ್ರ ಸೋತರೆ ಅದರ ಜಾಗಕ್ಕೆ ಯಾರದೋ ಮನೆಯ ಮಗ ಹೋಗಬೇಕಾಗುತ್ತದೆ.

ಅಣುಸ್ಥಾವರ ಬೇಕೋ ಬೇಡವೋ ಅನ್ನೋ ವಾದಕ್ಕೆ ನಾನು ಬರುವುದಿಲ್ಲ. ಬೇಡ ಅಂದು ನಾಳೆಯೇ ಮುಚ್ಚಿದರೂ ಒಳಗಿನ ಪದರ ತೆಗೆಯುವ ಕೆಲಸ ಇದ್ದೇ ಇರುತ್ತದೆ. ದೇಶದಲ್ಲಿ ಈ ವಿದ್ಯೆ ಇಲ್ಲವೆಂದೂ ಅಲ್ಲ, ರಿಯಾಕ್ಟರ್ ಚಾನೆಲ್‌ಗಳನ್ನು (ಇಂಧನ ಇರುವ ಕೊಳವೆಗಳನ್ನು) ದೂರದಿಂದಲೇ ಪರೀಕ್ಷಿಸುವ ಬಾರ್ಸಿಸ್ ಅನ್ನೋ ವ್ಯವಸ್ಥೆಯನ್ನು ಮುಂಬೈನ ಬಿಎಆರ್‌ಸಿಯವರೇ (ಭಾಭಾ ಅಣು ಸಂಶೋಧನಾ ಕೇಂದ್ರ) ಮಾಡಿದ್ದಾರೆ. ಆ ವಿದ್ಯೆ ಮುಂಬೈ ಬಿಟ್ಟು ನಮ್ಮ ಕಡೆಯ ಕ್ಲಾಸ್‌ರೂಮಿಗೂ ಬರಲಿ.

ನಮ್ಮ ಐಐಟಿ, ಎಂಜಿನಿಯರಿಂಗ್ ಕಾಲೇಜುಗಳು, ಐಟಿಐಗಳು ಸೇರಿ ತಾರಿಹಾಳ ಅಥವಾ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಮಾದರಿ ಕಟ್ಟಲಿ. ವಿಕಿರಣ ಏನೂ ಬೇಡ. ಸ್ಟೀಮ್ ಜನರೇಟರಿನದೇ ಅಳತೆಯ ಕೊಳವೆಗಳು, ತಿರುವುಗಳು, ಒಳಗೆ ಕಬ್ಬಿಣದ ಆಕ್ಸೈಡ್ ಪದರ, ಮಧ್ಯೆ ಒಂದು ಗೋಡೆ. ಹುಡುಗರು ಕ್ಯಾಮೆರಾ ನೋಡಿಕೊಂಡೇ ಕೆರೆದು, ಪುಡಿ ಹಿಡಿದು, ಯಂತ್ರ ಹೊರಗೆ ತರಬೇಕು. ನಡುವೆ ಬೇಕಂತಲೇ ಕರೆಂಟ್ ತೆಗೆಯಲಿ. ಮಾರ್ಕ್ಸ್ ಕೊಡುವಾಗ ಹೊರಗೆ ತಂದದ್ದಕ್ಕೇ ಜಾಸ್ತಿ ಕೊಡಲಿ. ಜಾಗ ಮತ್ತು ಕೊಳವೆ ಕೊಡುವವರು ಮುಂದೆ ಬಂದರೆ ಲೇತ್, ವೆಲ್ಡಿಂಗ್ ಕೆಲಸವನ್ನು ನನ್ನ ವರ್ಕ್‌ಶಾಪಿನಲ್ಲಿ ಕೂಲಿ ಇಲ್ಲದೆ ಮಾಡಿಕೊಡುತ್ತೇನೆ.

– ವರ್ಕ್‌ಶಾಪ್ ನಡೆಸುವ ಒಬ್ಬ ಓದುಗ, ಗೋಕುಲ ರಸ್ತೆ, ಹುಬ್ಬಳ್ಳಿ