ಅಂಗಡಿ ಹುಡುಗಿಯ ಮಾತು ಗಲ್ಲಾಪೆಟ್ಟಿಗೆವರೆಗೆ ಹೋಗದಿರಲಿ

ಮಾನ್ಯರೇ,

ಹಬ್ಬದ ಸೀಸನ್‌ನಲ್ಲಿ ಬಟ್ಟೆ ಅಂಗಡಿಗೆ ಹೋದವರಿಗೆ ಇದು ಹೊಸದಲ್ಲ. ಸೀರೆ ಬಿಚ್ಚಿ ತೋರಿಸುತ್ತಲೇ ಹುಡುಗಿ ಮೆಲ್ಲಗೆ ಹೇಳುತ್ತಾಳೆ: 'ಬೆಳಿಗ್ಗೆಯಿಂದ ಕೂತಿಲ್ಲ ಅಕ್ಕಾ, ಕೂತ್ರೆ ಸಾರ್ ಬೈತಾರೆ.' ಆಗ ನಾವೇನು ಮಾಡಬೇಕು?

ಕೆಲವರು 'ಇಂಥ ಕೆಲಸ ಬಿಟ್ಟುಬಿಡಮ್ಮ' ಎನ್ನುತ್ತಾರೆ. ಹೇಳುವುದು ಸುಲಭ, ಮನೆ ಬಾಡಿಗೆ ಕಟ್ಟೋದು ಅವಳು. ಇನ್ನು ಕೆಲವರು ನೇರ ಗಲ್ಲಾಪೆಟ್ಟಿಗೆ ಹತ್ತಿರ ಹೋಗಿ 'ನಿಮ್ಮ ಹುಡುಗಿ ಹೀಗಂದ್ಲು' ಎಂದು ನ್ಯಾಯಕ್ಕೆ ನಿಲ್ಲುತ್ತಾರೆ. ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಾವು ಕವರ್ ಹಿಡಿದು ಹೊರಟ ಮೇಲೆ ಬೈಸಿಕೊಳ್ಳುವವಳು ಅವಳೇ ಅಲ್ವಾ? ತಲೆ ಮೇಲೆ ಸಿಸಿಟಿವಿ ಬೇರೆ. ಅದರ ಬದಲು ಬಿಲ್ ಕೊಡುವಾಗ, ಯಾರ ಹೆಸರೂ ಎತ್ತದೆ, 'ಇವರಿಗೆಲ್ಲ ಒಂದೊಂದು ಸ್ಟೂಲ್ ಹಾಕ್ಸಿ ಸಾರ್' ಎಂದು ನಮ್ಮದೇ ಮಾತಾಗಿ ಹೇಳಬಹುದು. ಗಿರಾಕಿ ಮಾತಿಗೆ ಬೆಲೆ ಜಾಸ್ತಿ.

ಅಂಗಡಿ ನೌಕರರಿಗೆ ಕೂರಲು ವ್ಯವಸ್ಥೆ ಇರಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ನಮ್ಮ 1961ರ ಅಂಗಡಿ ಕಾಯ್ದೆಯೂ ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು ಎನ್ನುತ್ತದೆ. ಸಂಬಳ ತಡೆದಿಟ್ಟಿದ್ದಾರೆ ಅಂದರೆ ಕಾರ್ಮಿಕ ನಿರೀಕ್ಷಕರ ಕಚೇರಿ ಎಲ್ಲಿದೆ ಎಂದು ತಿಳಿಸಿ. ಬರೀ ಮ್ಯಾನೇಜರ್ ಮೇಲಿನ ಸಿಟ್ಟಾದರೆ ಸುಮ್ನೆ ಕೇಳಿಸಿಕೊಂಡರೆ ಸಾಕು. ಮತ್ತೆ, ಕೊಳ್ಳುವ ಮನಸ್ಸಿಲ್ಲದೆ ರಾಶಿ ಸೀರೆ ಬಿಚ್ಚಿಸಬೇಡಿ, ಮಡಚಿಡುವವಳೂ ಅವಳೇ.

– ಓದುಗರೊಬ್ಬರು, ದಾವಣಗೆರೆ