ಹೆಡ್ ಬಿಚ್ಚಿದ ಗಾಡಿ ಇನ್ನು ಮುಂದೆ ಒಂದು ರಾತ್ರಿ ನಮ್ಮಲ್ಲೇ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಇಂಜಿನ್ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಬಿಚ್ಚಿ ಕೆಲಸ ಮಾಡಿದ ಗಾಡಿಯನ್ನು ಈ ತಿಂಗಳಿನಿಂದ ಅದೇ ದಿನ ಸಂಜೆ ಕೊಡುವುದಿಲ್ಲ. ಒಂದು ರಾತ್ರಿ ನಮ್ಮ ಶೆಡ್ಡಿನಲ್ಲೇ ಇರುತ್ತದೆ. ಬೆಳಗ್ಗೆ ನೀವು ಬಂದ ಮೇಲೆ ನಿಮ್ಮ ಎದುರಿಗೇ ಮೊದಲ ಸ್ಟಾರ್ಟ್. ಇದಕ್ಕೆ ಬೇರೆ ಚಾರ್ಜ್ ಇಲ್ಲ.

ಯಾಕೆ ಅಂತ ಹೇಳಬೇಕು. ಕಳೆದ ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಹೀಟ್ ಆಗಿ ನಿಂತ ಪೆಟ್ರೋಲ್ ಕಾರೊಂದು ನಮ್ಮಲ್ಲಿಗೆ ಬಂತು. ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವೆ ಸಂದು ಬಿಡದಂತೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೊಸದು ಹಾಕಿ, ಸಂಜೆ ಓಡಿಸಿ ನೋಡಿದೆವು. ಹೊಗೆ ಇರಲಿಲ್ಲ, ಕೊಟ್ಟುಬಿಟ್ಟೆವು. ಬೆಳಗ್ಗೆ ಮಾಲೀಕರ ಫೋನು: "ಏನ್ರೀ, ಅಂಗಳ ತುಂಬ ಬಿಳಿ ಹೊಗೆ!" "ಸೈಲೆನ್ಸರಿನಲ್ಲಿ ಉಳಿದ ನೀರು ಸಾರ್, ಓಡಿಸ್ತಾ ಓಡಿಸ್ತಾ ಹೋಗುತ್ತೆ" ಎಂದೆವು. ಗಾಡಿ ನೋಡದೆ ಹಾಗೆ ಹೇಳಿದ್ದು ನಮ್ಮ ತಪ್ಪು. ನಾಲ್ಕನೇ ದಿನ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಡಬ್ಬಿ ಖಾಲಿ.

ಮತ್ತೆ ಬಿಚ್ಚಿದೆವು. ಮೂರು ಸ್ಪಾರ್ಕ್ ಪ್ಲಗ್ಗುಗಳ ತುದಿ ಕಂದು ಬಣ್ಣ. ಎರಡನೇ ಸಿಲಿಂಡರಿನದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಅಲ್ಲಿನ ಪಿಸ್ಟನ್ ಮೇಲೂ ಮಸಿ ಇಲ್ಲ, ಆವಿ ತೊಳೆದುಬಿಟ್ಟಿತ್ತು. ಹೆಡ್ ಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು, ಅಡಿಯ ಸಂದು ಅಳೆಯಲು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳು) ತೂರಿಸಿದೆವು. ಉದ್ದಕ್ಕೆ ಸರಿಯಾಗಿತ್ತು. ಮೂಲೆಯಿಂದ ಮೂಲೆಗೆ ಇಟ್ಟರೆ 0.10 ಮಿಲಿಮೀಟರಿನ ಎಲೆ ಸಲೀಸಾಗಿ ಒಳಗೆ ಹೋಯಿತು. ಎಷ್ಟೋ ಅಲ್ಯೂಮಿನಿಯಂ ಹೆಡ್ಡುಗಳಿಗೆ 0.05 ದಾಟಿದರೇ ಬೆಂಡ್ ಎಂದು ಲೆಕ್ಕ. ಮೊದಲ ಸಲ ನಾವು ಉದ್ದಕ್ಕೆ ಮಾತ್ರ ನೋಡಿದ್ದೆವು. ಫೇಸಿಂಗ್ ಮಾಡಿಸಿ (ಹೆಡ್ಡಿನ ಮೈ ಸಮತಟ್ಟು ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿ, ನಮ್ಮ ಖರ್ಚಿನಲ್ಲೇ ಸರಿ ಮಾಡಿಕೊಟ್ಟೆವು. ಆದರೂ ಅವರ ಒಂದು ವಾರದ ಓಡಾಟ ಕೆಟ್ಟಿತಲ್ಲ, ಅದು ಇನ್ನೂ ಮನಸ್ಸಿನಲ್ಲಿದೆ.

ಸಂಜೆ ಕಾಣದ ಹೊಗೆ ಬೆಳಗ್ಗೆ ಎಲ್ಲಿಂದ ಬಂತು? ಬಿಸಿಯಲ್ಲಿ ಲೋಹ ಹಿಗ್ಗಿ ಸಣ್ಣ ಸಂದು ಮುಚ್ಚಿಕೊಂಡಿರುತ್ತದೆ. ಇಂಜಿನ್ ಆಫ್ ಮಾಡಿದ ಮೇಲೂ ಕೂಲೆಂಟಿನ ಪ್ರೆಶರ್ ತಕ್ಷಣ ಇಳಿಯುವುದಿಲ್ಲ. ಲೋಹ ಆರುತ್ತಾ ಸಂದು ಬಿಟ್ಟುಕೊಂಡರೆ ಕೂಲೆಂಟ್ ಹನಿಹನಿಯಾಗಿ ಸಿಲಿಂಡರಿಗೆ ಇಳಿಯುತ್ತದೆ. ರಾತ್ರಿ ಕಳೆಯದೆ ಇದು ಗೊತ್ತಾಗುವುದಿಲ್ಲ.

ಇನ್ನು ಮುಂದೆ ಸಂಜೆ ಅರ್ಧ ಗಂಟೆ ಓಡಿಸಿ, ಸೈಲೆನ್ಸರಿನಲ್ಲಿ ಉಳಿದ ಹಳೇ ಕೂಲೆಂಟನ್ನು ನಾವೇ ಸುಟ್ಟು ಖಾಲಿ ಮಾಡುತ್ತೇವೆ. ಇಂಜಿನ್ ಆರಿದ ಮೇಲೆ ರೇಡಿಯೇಟರ್ ಬಾಯಿಗೆ ಕೈಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಪ್ರೆಶರ್ ಕೊಡುತ್ತೇವೆ. ಮೀಟರಿನ ಮುಳ್ಳು ಇಳಿಯಬಾರದು. ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿಡುತ್ತೇವೆ. ಬೆಳಗ್ಗೆ ನೀವೇ ನೋಡಿ.

ಹಾಗಂತ ಬಿಳಿ ಹೊಗೆ ಕಂಡ ಕೂಡಲೇ ಗಾಬರಿ ಬೇಡ. ನಮ್ಮ ಚಿಕ್ಕಮಗಳೂರಿನ ಚಳಿಯಲ್ಲಿ ಒಳ್ಳೇ ಗಾಡಿಯೂ ಸ್ವಲ್ಪ ಆವಿ ಬಿಡುತ್ತದೆ, ಸೈಲೆನ್ಸರಿನಿಂದ ನಾಲ್ಕು ಹನಿ ನೀರೂ ಬೀಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ನಿಂತರೆ ಸರಿ. ಹೊಗೆ ದಪ್ಪಗಿದ್ದು, ಗಾಳಿಯಲ್ಲೇ ತೂಗಾಡಿ, ಸಿಹಿ ವಾಸನೆ ಬಂದರೆ ಕೂಲೆಂಟ್ ಸುಡುತ್ತಿದೆ. ಡೀಸೆಲ್ ಗಾಡಿಯಲ್ಲಿ ಕಣ್ಣು ಉರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬೇರೆಯೇ. ಅದಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಸ್ಟಾರ್ಟಿಗೆ ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್ ನೋಡಬೇಕು.

ಡಬ್ಬಿಯ ಮಟ್ಟವನ್ನು ಒಂದು ವಾರ ದಿನಾ ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲೇ ನೋಡಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ, ಕೈ ಮುಖ ಸುಡುತ್ತದೆ. ಗೆರೆಗಿಂತ ಇಳಿಯುತ್ತಾ ಹೋದರೆ ಗಾಡಿ ನಿಲ್ಲಿಸಿ ಫೋನ್ ಮಾಡಿ, ನಾವೇ ಬಂದು ನೋಡುತ್ತೇವೆ.

ಹೆಡ್ ಬಿಚ್ಚದ ಕೆಲಸಗಳ ಡೆಲಿವರಿ ಎಂದಿನಂತೆ ಸಂಜೆಗೇ. ಊರಿಗೆ ಹೋಗುವ ಅರ್ಜೆಂಟ್ ಇದ್ದರೆ ಗಾಡಿ ಬಿಡುವಾಗಲೇ ತಿಳಿಸಿ, ಆ ಒಂದು ರಾತ್ರಿಯನ್ನೂ ಸೇರಿಸಿಯೇ ದಿನ ಹೇಳುತ್ತೇವೆ.

ನಿಮ್ಮ ಗ್ಯಾರೇಜಿನವರು